ಶಿರಾ ಗೇಟಿನ ಶೆಡ್ಡಿಗೆ ಎಷ್ಟು ಬೆಳಕು ಬೇಕು?

ಸಂಜೆ ಏಳರ ಮೇಲೆ ಶಿರಾ ಗೇಟ್ ಕಡೆ ಒಂದು ರೌಂಡ್ ಹೋಗಿ ಬನ್ನಿ. ಮೇನ್ ರೋಡಲ್ಲಿ ಬೆಳಕಿಗೇನೂ ಬರ ಇಲ್ಲ. ಒಳಗಿನ ಬೀದಿಗೆ ತಿರುಗಿ, ಮನೆ ಪಕ್ಕದ ಶೆಡ್ಡಲ್ಲೋ ಕಾರ್ ನಿಲ್ಲಿಸೋ ಜಾಗದಲ್ಲೋ ಯಾರಾದ್ರೂ ಇಂಜಿನ್ ಬಿಚ್ಚಿಕೊಂಡು ಕೂತಿದ್ರೆ ಸುಮ್ನೆ ನೋಡಿ. ಸೂರಿನ ನಟ್ಟನಡುವೆ ಒಂದೇ ಒಂದು 9 ವ್ಯಾಟ್ ಬಲ್ಬು. ಪಕ್ಕದಲ್ಲಿ ಒಬ್ಬ ಹುಡುಗ ಮೊಬೈಲ್ ಟಾರ್ಚ್ ಹಿಡ್ಕೊಂಡು ನಿಂತಿರ್ತಾನೆ. ಕೆಲಸ ಕಲಿಯೋಕೆ ಬಂದ ಹುಡುಗ ಅರ್ಧ ಸಂಜೆ ಲ್ಯಾಂಪ್ ಸ್ಟ್ಯಾಂಡ್ ಆಗಿ ಕಳೀತಾನೆ.

ನಾವು ಎಂಜಿನಿಯರಿಂಗ್ ಓದ್ತಿರೋರು. ಚಪ್ಪಾಳೆ ತಟ್ಟಿದ್ರೆ ಹತ್ತೋ ಲೈಟು, ಫೋನಿಂದ ಆರೋ ಲೈಟು, ಬಣ್ಣ ಬದಲಾಯಿಸೋ ಲೈಟು – ಎಲ್ಲಾ ಪ್ರಾಜೆಕ್ಟ್ ಮಾಡಿ ಮಾರ್ಕ್ಸ್ ತಗೊಂಡಿದ್ದೀವಿ. ಆದ್ರೆ ಲೈಟನ್ನ ಎಲ್ಲಿ ಹಾಕಬೇಕು, ಎಷ್ಟು ಹಾಕಬೇಕು ಅನ್ನೋ ಪ್ರಶ್ನೆ ನಮ್ಮಲ್ಲಿ ಯಾರಿಗೂ ದೊಡ್ಡದು ಅನ್ನಿಸಿಲ್ಲ. ನಮ್ಮ ಅಭಿಪ್ರಾಯದಲ್ಲಿ ಅದೇ ನಿಜವಾದ ಎಂಜಿನಿಯರಿಂಗ್ ಪ್ರಶ್ನೆ. ನಮ್ಮಲ್ಲೂ ಎಷ್ಟೋ ಜನ ಪ್ರಾಜೆಕ್ಟಿಗೆ ಕಬ್ಬಿಣ ಕೊಯ್ಯೋದು, ಬೆಸುಗೆ ಹಾಕೋದು ಇಂಥದೇ ಶೆಡ್ಡುಗಳಲ್ಲಿ. ಹಾಗಾಗಿ ಇದು ಬೇರೆಯವರ ಕಷ್ಟ ಮಾತ್ರ ಅಲ್ಲ.

ಮೊದಲು ಲೆಕ್ಕ ನೋಡೋಣ. ಬೆಳಕನ್ನ ಅಳೆಯೋದು ಲಕ್ಸ್‌ನಲ್ಲಿ: ಒಂದು ಚದರ ಮೀಟರ್ ಮೇಲೆ ಎಷ್ಟು ಲೂಮೆನ್ ಬೀಳುತ್ತೆ ಅನ್ನೋದು. ಬೋಲ್ಟ್ ಬಿಚ್ಚೋದು, ಪೈಪ್ ಕೊಯ್ಯೋದು ಇಂಥ ಒರಟು ಕೆಲಸಕ್ಕೆ ಸುಮಾರು 300 ಲಕ್ಸ್ ಬೇಕು. ನಾಜೂಕು ಕೆಲಸಕ್ಕೆ ಅದರ ಎರಡರಷ್ಟು, ಇನ್ನೂ ಹೆಚ್ಚು. ನಮ್ಮ ಕಡೆ ಮಾಮೂಲಿ ಶೆಡ್ಡು 10 ಅಡಿಗೆ 20 ಅಡಿ, ಅಂದ್ರೆ ಹೆಚ್ಚುಕಮ್ಮಿ 18 ಚದರ ಮೀಟರ್. 300 ಇಂಟು 18, ಅಂದ್ರೆ 5,400 ಲೂಮೆನ್. 20 ವ್ಯಾಟಿನ ಒಂದು ಎಲ್‌ಇಡಿ ಟ್ಯೂಬು ಸುಮಾರು 2,000 ಲೂಮೆನ್ ಕೊಡುತ್ತೆ. ಹಾಗಾದ್ರೆ ಮೂರು ಟ್ಯೂಬ್ ಸಾಕು ಅಂತ ಅನ್ನಿಸುತ್ತೆ, ಅಲ್ವಾ?

ಸಾಲಲ್ಲ. ಟ್ಯೂಬಿಂದ ಹೊರಟ ಬೆಳಕೆಲ್ಲ ಕೆಲಸದ ಮೇಲೆ ಬೀಳಲ್ಲ. ಗೋಡೆ ಕುಡಿಯುತ್ತೆ, ಸೂರು ಕುಡಿಯುತ್ತೆ, ಟ್ಯೂಬಿನ ಮೇಲೆ ಕೂತ ಧೂಳು ಕುಡಿಯುತ್ತೆ. ಇದಕ್ಕೇ ಪುಸ್ತಕದಲ್ಲಿ ಯುಟಿಲೈಸೇಷನ್ ಫ್ಯಾಕ್ಟರ್, ಮೇಂಟೆನೆನ್ಸ್ ಫ್ಯಾಕ್ಟರ್ ಅಂತ ಎರಡು ಅಂಕಿ ಇರೋದು. ಧೂಳಿಗೆ 0.8 ಇಟ್ಕೊಳ್ಳಿ. ಮಸಿ ಹಿಡಿದ ಗೋಡೆ, ತುಕ್ಕು ಹಿಡಿದ ಶೀಟು ಇದ್ರೆ ಮೊದಲನೇ ಅಂಕಿ 0.35ರ ಆಸುಪಾಸು. ಆಗ ಬೇಕಾಗೋದು 19,000 ಲೂಮೆನ್ ಮೇಲೆ, ಅಂದ್ರೆ ಹತ್ತು ಟ್ಯೂಬು. ಅದೇ ಗೋಡೆಗೂ ಸೂರಿಗೂ ಬಿಳಿ ಬಳಿದ್ರೆ ಅಂಕಿ 0.6ಕ್ಕೆ ಏರಬಹುದು. ಆಗ 11,250 ಲೂಮೆನ್, ಆರೇ ಟ್ಯೂಬು. ಒಂದು ಬಕೆಟ್ ಸುಣ್ಣ ನಾಲ್ಕು ಟ್ಯೂಬಿನ ಕೆಲಸ ಮಾಡುತ್ತೆ! ಯಾವ ಸ್ಮಾರ್ಟ್ ಲೈಟೂ ಇಷ್ಟು ಸ್ಮಾರ್ಟ್ ಅಲ್ಲ.

ಇನ್ನು ಜಾಗ. ದೀಪದ ಬುಡದಲ್ಲೇ ಕತ್ತಲೆ ಅಂತ ಗಾದೆ ಇದೆ. ಶೆಡ್ಡಲ್ಲಿ ಆ ಕತ್ತಲೆ ಮಾಡೋರು ನಾವೇ. ಮೇಜು ಯಾವಾಗ್ಲೂ ಗೋಡೆಗೆ ಅಂಟಿಕೊಂಡಿರುತ್ತೆ, ಲೈಟು ನಡುಮಧ್ಯ ಇರುತ್ತೆ. ಮೇಜಿನ ಕಡೆ ಮುಖ ಮಾಡಿ ನಿಂತ್ರೆ ಬೆಳಕು ಬೆನ್ನ ಹಿಂದೆ, ನಮ್ಮ ನೆರಳು ಸೀದಾ ಕೈ ಮೇಲೆ. ಕಾರಿನ ಬಾನೆಟ್ ಎತ್ತಿದ್ರೂ ಅದೇ ಕಥೆ: ಬೆಳಕು ಬಾನೆಟ್ಟಿನ ಬೆನ್ನ ಮೇಲೆ, ಇಂಜಿನ್ ಮೇಲೆ ಕತ್ತಲೆ. ಇಲ್ಲಿ ವ್ಯಾಟ್ ಜಾಸ್ತಿ ಮಾಡಿದ್ರೆ ನೆರಳು ಇನ್ನೂ ಕಪ್ಪಾಗುತ್ತೆ ಅಷ್ಟೆ.

ಪರಿಹಾರ ಸುಲಭ. ಆರು ಟ್ಯೂಬನ್ನ ಎರಡು ಸಾಲು ಮಾಡಿ. ಉದ್ದದ ಎರಡೂ ಗೋಡೆಗಳಿಂದ ಎರಡು, ಎರಡೂವರೆ ಅಡಿ ಒಳಗೆ, ಅಂದ್ರೆ ಮೇಜಿನ ಮುಂದಿನ ಅಂಚಿನ ನೇರಕ್ಕೆ, ಸಾಲಿಗೆ ಮೂರರಂತೆ ಹಾಕಿ. ಆಗ ಬೆಳಕು ನಿಂತವನ ತಲೆಯ ಮುಂದಿಂದ, ಎಡಬಲದಿಂದ ಬರುತ್ತೆ. ಒಂದು ಟ್ಯೂಬು ಮಾಡಿದ ನೆರಳನ್ನ ಇನ್ನೊಂದು ಅಳಿಸುತ್ತೆ. ರೋಲಿಂಗ್ ಶಟರ್ ಸುತ್ತಿಕೊಳ್ಳೋ ಜಾಗ ಬಿಟ್ಟು ಸಾಲು ಶುರು ಮಾಡಿ. ಸೂರು 12 ಅಡಿ ಎತ್ತರ ಇದ್ರೆ ಟ್ಯೂಬನ್ನ ಅಲ್ಲೇ ಬಡಿಯೋ ಬದಲು ಚೈನಲ್ಲಿ ಕೆಳಗಿಳಿಸಿ. ಹಗಲಿಗೆ ಸೂರಿನ ಒಂದು ಶೀಟು ತೆಗೆದು ಪಾರದರ್ಶಕ ಶೀಟು ಹಾಕಿದ್ರೆ ಸೂರ್ಯನಿಗೆ ಬಿಲ್ ಕಟ್ಟಬೇಕಿಲ್ಲ. ನಾಜೂಕು ಕೆಲಸಕ್ಕೆ ಮೇಜಿನ ಮೇಲೆ ಬಗ್ಗಿಸಬಹುದಾದ ಒಂದು ಲ್ಯಾಂಪ್ ಬೇರೆ ಇರಲಿ. ನಮ್ಮ ತುಮಕೂರಲ್ಲಿ ಎಚ್‌ಎಂಟಿ ವಾಚ್ ಫ್ಯಾಕ್ಟರಿ ಇತ್ತು, 2016ರಲ್ಲಿ ಮುಚ್ಚಿತು. ವಾಚ್ ರಿಪೇರಿ ಮಾಡೋ ಯಾರನ್ನ ಬೇಕಾದ್ರೂ ಕೇಳಿ, ಸೂರಿನ ಲೈಟ್ ನಂಬಿ ಯಾರೂ ಸಣ್ಣ ಸ್ಕ್ರೂ ತಿರುಗಿಸಲ್ಲ.

ಇದೆಲ್ಲ ಅನುಕೂಲದ ಮಾತು ಮಾತ್ರ ಆಗಿದ್ರೆ ನಾವು ಇಷ್ಟು ಬರೀತಿರಲಿಲ್ಲ. ಬೆಳಕು ಕೈಬೆರಳಿನ ಪ್ರಶ್ನೆ. ನಮ್ಮ ಕರೆಂಟು 50 ಹರ್ಟ್ಸ್. ಡ್ರೈವರ್ ಕಳಪೆ ಇದ್ದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತೆ. ಕಣ್ಣಿಗೆ ಗೊತ್ತಾಗಲ್ಲ. ಈಗ 1,500 ಆರ್‌ಪಿಎಂನಲ್ಲಿ ತಿರುಗೋ ಲೇತ್ ತಗೊಳ್ಳಿ: ಸೆಕೆಂಡಿಗೆ 25 ಸುತ್ತು. ಅದರ ಚಕ್‌ಗೆ ನಾಲ್ಕು ದವಡೆ ಇದ್ರೆ ಪ್ರತಿ ಮಿನುಗಿಗೂ ಒಂದು ದವಡೆ ಜಾಗದಲ್ಲಿ ಇನ್ನೊಂದು ದವಡೆ ಬಂದು ನಿಂತಿರುತ್ತೆ. 25 ಇಂಟು 4, ಸರಿಯಾಗಿ ನೂರು. ತಿರುಗ್ತಿರೋ ಚಕ್ ನಿಂತ ಹಾಗೆ ಕಾಣುತ್ತೆ. ಸ್ಟ್ರೋಬೋಸ್ಕೋಪಿಕ್ ಎಫೆಕ್ಟ್ ಅಂತ ಎರಡು ಮಾರ್ಕ್ಸಿಗೆ ಬರೆದಿದ್ದು ನೆನಪಿದೆಯಾ? ಶೆಡ್ಡಲ್ಲಿ ಅದರ ಬೆಲೆ ಎರಡು ಬೆರಳು.

ಇನ್ನೊಂದು ವಿಷಯ. ಗ್ರೈಂಡರ್ ಮತ್ತು ಲೈಟು ಒಂದೇ ಎಂಸಿಬಿ ಮೇಲಿದ್ರೆ, ಗ್ರೈಂಡರ್ ಲೋಡಿಗೆ ಎಂಸಿಬಿ ಬಿದ್ದಾಗ ಲೈಟೂ ಹೋಗುತ್ತೆ. ನಾಲ್ಕಿಂಚಿನ ಗ್ರೈಂಡರ್ ಡಿಸ್ಕು 11,000 ಆರ್‌ಪಿಎಂ ಹತ್ತಿರ ತಿರುಗ್ತಿರುತ್ತೆ, ಕರೆಂಟ್ ಹೋದ ತಕ್ಷಣ ನಿಲ್ಲಲ್ಲ. ಪೂರ್ತಿ ಕತ್ತಲೆ, ಕೈಯಲ್ಲಿ ಇನ್ನೂ ತಿರುಗ್ತಿರೋ ಡಿಸ್ಕು. ಲೈಟಿಗೆ ಬೇರೆ ಸರ್ಕ್ಯೂಟ್ ಎಳೆಯೋದು ಶೋಕಿ ಅಲ್ಲ.

2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 17ನೇ ಸೆಕ್ಷನ್ ಬೆಳಕಿನ ಬಗ್ಗೆನೇ ಬರೆದದ್ದು. ಸಾಕಷ್ಟು ಬೆಳಕಿರಬೇಕು, ಕಣ್ಣು ಕೋರೈಸಬಾರದು, ಅಪಘಾತ ಆಗೋಷ್ಟು ನೆರಳು ಬೀಳಬಾರದು ಅನ್ನುತ್ತಿತ್ತು. ಆದ್ರೆ ಆ ಕಾಯ್ದೆ ಪ್ರಕಾರ ಪವರ್ ಬಳಸೋ ಕಡೆ ಹತ್ತು ಜನ ಕೆಲಸಗಾರರಿದ್ರೆ ಮಾತ್ರ ಅದು ಕಾರ್ಖಾನೆ ಅನ್ನಿಸಿಕೊಳ್ತಿತ್ತು. ಇದೇ ರಸ್ತೆ ಹಿಡಿದು ಹೋದ್ರೆ ಸಿಗೋ ವಸಂತನರಸಾಪುರದ ದೊಡ್ಡ ಕಾರ್ಖಾನೆಗಳಿಗೆ ಕಾನೂನು ಇದೆ, ಇನ್‌ಸ್ಪೆಕ್ಟರ್ ಇದ್ದಾರೆ. ಅಪ್ಪ, ಮಗ, ಒಬ್ಬ ಹುಡುಗ ಸೇರಿ ನಡೆಸೋ ಶೆಡ್ಡಿಗೆ ಯಾರಿದ್ದಾರೆ? ಕಾನೂನು ಬಾರದ ಕಡೆ ಎಂಜಿನಿಯರ್ ಆದ್ರೂ ಹೋಗಬೇಕಲ್ವಾ?

ನಮ್ಮ ಮಾತಿಗೆ ಎದುರು ಮಾತೂ ಇದೆ. “ಮೂವತ್ತು ವರ್ಷದಿಂದ ಇದೇ ಬಲ್ಬಲ್ಲಿ ಮಾಡ್ತಿದೀವಿ, ಏನಾಗಿದೆ?” ಅಂತಾರೆ ಹಿರಿಯ ಮೆಕ್ಯಾನಿಕ್‌ಗಳು. ಅವರ ಕೈಗೆ ಕಣ್ಣಿದೆ, ಒಪ್ಪೋಣ. ಆದ್ರೆ ವಯಸ್ಸು ಕಣ್ಣನ್ನ ಬಿಡಲ್ಲ. ಅರವತ್ತರವರ ಕಣ್ಣಿನ ಒಳಪರದೆಗೆ ತಲುಪೋ ಬೆಳಕು ಇಪ್ಪತ್ತರ ಹುಡುಗರಿಗೆ ತಲುಪೋದರಲ್ಲಿ ಸುಮಾರು ಮೂರನೇ ಒಂದು ಭಾಗ. ಮೂವತ್ತು ವರ್ಷದಲ್ಲಿ ಬಲ್ಬು ಬದಲಾಗಿಲ್ಲ, ಅವರಿಗೆ ಕಾಣೋ ಬೆಳಕು ಮಾತ್ರ ಕಮ್ಮಿ ಆಗಿದೆ. ಹತ್ತೊಂಬತ್ತರ ಕಣ್ಣಿಟ್ಕೊಂಡು “ಸಾಕಷ್ಟು ಬೆಳಕಿದೆ ಬಿಡಿ ಅಂಕಲ್” ಅನ್ನೋ ಹಕ್ಕು ನಮಗಿಲ್ಲ.

“ಕರೆಂಟ್ ಬಿಲ್ ಯಾರು ಕಟ್ತಾರೆ?” ಅನ್ನೋದು ಎರಡನೇ ಮಾತು. ಆರು ಟ್ಯೂಬು ಅಂದ್ರೆ 120 ವ್ಯಾಟ್, ಎರಡು ಹಳೇ ಫ್ಯಾನಿಗಿಂತ ಕಮ್ಮಿ. ದಿನಕ್ಕೆ ಮೂರು ಗಂಟೆ ಉರಿಸಿದ್ರೆ ತಿಂಗಳಿಗೆ 11 ಯೂನಿಟ್ ಕೂಡ ಆಗಲ್ಲ. ಎರಡು ಸಾಲಿಗೆ ಎರಡು ಸ್ವಿಚ್ ಇಟ್ಟು, ಬೇಡದಾಗ ಒಂದು ಸಾಲು ಆರಿಸಿದ್ರೆ ಇನ್ನೂ ಕಮ್ಮಿ. ಖರ್ಚು ಹೆಚ್ಚಾಗೋದು ಒಮ್ಮೆ ಟ್ಯೂಬು, ವೈರು ತಗೊಳ್ಳೋವಾಗ. ಬಾಡಿಗೆ ಶೆಡ್ಡಿನವರಿಗೆ ಅದೂ ಭಾರವೇ. ಅವರು ಸುಣ್ಣದಿಂದ ಶುರು ಮಾಡಲಿ, ಆಮೇಲೆ ಮೇಜಿನ ಮೇಲಿನ ಸಾಲು, ಆಮೇಲೆ ಉಳಿದದ್ದು. ಪ್ಲಾನ್ ಒಂದು ಇದ್ರೆ ಕಂತಲ್ಲೂ ಮಾಡಬಹುದು; ಪ್ಲಾನ್ ಇಲ್ದೆ ತಂದ ಲೈಟು ಮತ್ತೆ ನಟ್ಟನಡುವೆಯೇ ನೇತಾಡುತ್ತೆ.

ಹಾಗಾಗಿ ನಮ್ಮದೊಂದು ಸಲಹೆ. ಈ ಸೆಮಿಸ್ಟರ್‌ನಲ್ಲಿ ಕನ್ನಡ ಬಳಗ, ಎಲೆಕ್ಟ್ರಿಕಲ್, ಮೆಕ್ಯಾನಿಕಲ್ ಗೆಳೆಯರು ಸೇರಿ ಒಂದು ಶನಿವಾರ ಶಿರಾ ಗೇಟ್ ಸುತ್ತಲಿನ ಹತ್ತು ಶೆಡ್ಡಿಗೆ ಹೋಗೋಣ. ಕೇಳಿಕೊಂಡು, ಚಹಾ ಹೊತ್ತಲ್ಲಿ, ಅವರ ಕೆಲಸ ಕೆಡಿಸದೆ. ಟೇಪ್ ಹಿಡಿದು ಅಳತೆ ತಗೊಳ್ಳೋಣ, ಲಕ್ಸ್ ಮೀಟರ್ ಸಿಗದಿದ್ರೆ ಫೋನಿನ ಸೆನ್ಸರಲ್ಲೇ ಮೇಜು, ಮೂಲೆ, ಬಾನೆಟ್ ಒಳಗೆ ಹೋಲಿಸಿ ನೋಡೋಣ. ಯಾರು ಎಲ್ಲಿ ನಿಲ್ತಾರೆ, ಯಾವ ಕೈಲಿ ಕೆಲಸ ಮಾಡ್ತಾರೆ ಅಂತ ಕೇಳೋಣ. ಪ್ರತಿ ಶೆಡ್ಡಿಗೂ ಒಂದು ಹಾಳೆ: ಟ್ಯೂಬ್ ಎಲ್ಲಿ, ಎಷ್ಟು, ಯಾವ ಸ್ವಿಚ್ಚಿಗೆ, ಮೊದಲು ಯಾವುದು. ಎಲ್ಲಾ ಕನ್ನಡದಲ್ಲಿ, ಅವರ ವೈರಿಂಗ್ ಮಾಡೋರಿಗೆ ಅರ್ಥ ಆಗೋ ಹಾಗೆ. ಇಂಗ್ಲಿಷ್ ಮೀಡಿಯಮ್ಮಲ್ಲಿ ಓದಿದ ನಮಗೆ ಆ ಹಾಳೆ ಬರೆಯೋದೇ ಲೆಕ್ಕಕ್ಕಿಂತ ಕಷ್ಟದ ಪರೀಕ್ಷೆ ಆಗಬಹುದು. ಆಗಲಿ.

ಹತ್ತು ಹಾಳೆಯಲ್ಲಿ ಎರಡು ಗೋಡೆಗೆ ಹತ್ತಿದ್ರೂ ಸಾಕು. ಎರಡು ಶೆಡ್ಡಲ್ಲಿ ಆ ಟಾರ್ಚ್ ಹಿಡಿಯೋ ಹುಡುಗನ ಕೈ ಖಾಲಿ ಆಗುತ್ತೆ, ಆ ಕೈಗೆ ಸ್ಪ್ಯಾನರ್ ಬರುತ್ತೆ. ಹೆಸರು ಕೊಡೋರು ಬಳಗದ ರೂಮಿಗೆ ಬನ್ನಿ. ಬರೋವಾಗ ಟೇಪ್ ತನ್ನಿ.