ಯಾರ ಮನೆಯಲ್ಲಿ ಇಳಿದಿದ್ದಿರಿ?

ಹಾನಗಲ್ಲಿನಲ್ಲಿರುವ ನನ್ನ ಅಣ್ಣನ ಮಗ ಹೋದ ಬೇಸಿಗೆಯ ಸೂಟಿಯಲ್ಲಿ ಹೆಂಡತಿ-ಮಕ್ಕಳನ್ನು ಕರೆದುಕೊಂಡು ಮಾಲ್ಡೀವ್ಸಿಗೆ ಹೋಗಿಬಂದ. ನಾಲ್ಕು ರಾತ್ರಿ, ಐದು ಹಗಲು. ಬಂದ ಮರುದಿನ ಪಡಸಾಲೆಯಲ್ಲಿ ಕುಳಿತು ಮೊಬೈಲಿನೊಳಗಿನ ಚಿತ್ರಗಳನ್ನು ನಮಗೆಲ್ಲ ತೋರಿಸಿದ. ನೀಲಿ ನೀರು, ಬಿಳಿ ಮರಳು, ನೀರಿನಲ್ಲಿ ಕಂಬ ನೆಟ್ಟು ಕಟ್ಟಿದ ಕೋಣೆ, ಕೋಣೆಯ ಮೆಟ್ಟಿಲ ಬುಡದಲ್ಲಿಯೇ ಸಮುದ್ರ. ಆ ಐದು ದಿನ ಮನೆಯನ್ನೂ ಎಮ್ಮೆಯನ್ನೂ ತುಳಸಿಕಟ್ಟೆಯನ್ನೂ ಕಾಯ್ದುಕೊಂಡಿದ್ದ ಅವನ ತಾಯಿ, ಎಂದರೆ ನನ್ನ ವೈನಿ, ಎಲ್ಲವನ್ನೂ ಕಣ್ಣಿಟ್ಟು ನೋಡಿದರು. ಆಮೇಲೆ ಮೂರು ಪ್ರಶ್ನೆ ಕೇಳಿದರು.

“ಅಲ್ಲೆ ಯಾರ ಮನ್ಯಾಗ ಇಳದಿದ್ರಿ? ಆ ಮಂದಿ ಏನ ಉಣ್ತಾರ? ಕುಡಿಯೋ ನೀರ ಎಲ್ಲಿಂದ ತರ್ತಾರ?”

ಮಗ ನಕ್ಕ. “ಅವ್ವಾ, ಅಲ್ಲೆ ಮಂದೀನ ಇಲ್ಲ. ಒಂದ ದ್ವೀಪಕ್ಕ ಒಂದ ರೆಸಾರ್ಟು. ಅದಕ್ಕ ಅಲ್ಲವಾ ಅಷ್ಟ ದೂರ ಹೋಗೋದು!”

ವೈನಿ ಸುಮ್ಮನಾದರು. ನನ್ನಿಂದ ಸುಮ್ಮನಿರಲಾಗಲಿಲ್ಲ. ಅದಕ್ಕಾಗಿಯೇ ಈ ನಾಲ್ಕು ಮಾತು.

ಇದು ಒಂದು ಮನೆಯ ಸಂಗತಿಯಾಗಿದ್ದರೆ ಪತ್ರಿಕೆಯವರೆಗೆ ತರುತ್ತಿರಲಿಲ್ಲ. ಆದರೆ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಎಲ್ಲಿಯ ಮದುವೆಯ ಪಂಕ್ತಿಯಲ್ಲಿ ಕುಳಿತರೂ ಈಗ ಇದೇ ಮಾತು ಕಿವಿಗೆ ಬೀಳುತ್ತದೆ. ಯಾರು ಯಾವ ದ್ವೀಪಕ್ಕೆ ಹೋದರು, ಎಷ್ಟು ಕಂತಿನಲ್ಲಿ ಹೋದರು, ಕೋಣೆ ನೀರಿನ ಮೇಲಿತ್ತೋ ಮರಳಿನ ಮೇಲಿತ್ತೋ. ಹೋಗದವನು ಮೋರೆ ತಗ್ಗಿಸಿ ಜಿಲೇಬಿ ತಿನ್ನುತ್ತಾನೆ.

ನಾನು ಪ್ರವಾಸದ ವೈರಿಯಲ್ಲ. ಬಯಲುಸೀಮೆಯ ಮನುಷ್ಯನಿಗೆ ಸಮುದ್ರವೇಕೆ ಎನ್ನುವವನೂ ಅಲ್ಲ. ‘ಸಮುದ್ರ ಗೀತೆಗಳು’ ಬರೆದ ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ್ದು ಅಲೆಯ ಸಪ್ಪಳ ಕೇಳಿಸದ ನಮ್ಮ ಸವಣೂರಿನಲ್ಲಿ. ಗೋವಿನಜೋಳ ಬೆಳೆಯುವವನ ಮಕ್ಕಳು ವಿಮಾನ ಹತ್ತಬಾರದೆಂದು ಹೇಳುವ ನಾಲಗೆಯೂ ನನ್ನದಲ್ಲ. 2024ರ ಜನವರಿಯಲ್ಲಿ ಎದ್ದ ಗದ್ದಲವೂ ನನಗೆ ಬೇಡ. ಮಾಲ್ಡೀವ್ಸಿನ ಕೆಲವು ಉಪಮಂತ್ರಿಗಳು ನಮ್ಮ ಪ್ರಧಾನಿಯ ಮೇಲೆ ಹಗುರವಾಗಿ ಮಾತನಾಡಿದರು. ಅಲ್ಲಿಗೆ ಹೋಗಬೇಡಿರಿ, ಲಕ್ಷದ್ವೀಪಕ್ಕೆ ಹೋಗಿರೆಂದು ಇಲ್ಲಿಯವರು ಕೂಗಿದರು. ಯಾವ ದ್ವೀಪದ ಮರಳು ಹೆಚ್ಚು ಬಿಳಿ ಎಂಬ ಆ ಜಗಳದಲ್ಲಿ, ಆ ದ್ವೀಪಗಳಲ್ಲಿ ಯಾರು ಬಾಳುತ್ತಾರೆ ಎಂದು ಕೇಳಿದವರು ಎಷ್ಟು ಜನ? ನನ್ನ ತಕರಾರು ಇರುವುದು ಅಲ್ಲಿ. ನಾವು ದುಡ್ಡು ಕೊಟ್ಟು ಕೊಳ್ಳುತ್ತಿರುವುದು ಸಮುದ್ರವನ್ನಲ್ಲ, ಮನುಷ್ಯರ ಮೋರೆ ಕಾಣದಿರುವ ಸೌಕರ್ಯವನ್ನು.

ಈ ಸೌಕರ್ಯ ತಾನಾಗಿ ಆದದ್ದಲ್ಲ. ಮಾಲ್ಡೀವ್ಸಿನಲ್ಲಿ ಸುಮಾರು 1,190 ದ್ವೀಪಗಳಿವೆ. ಜನ ಬಾಳುವ ದ್ವೀಪಗಳು 200ಕ್ಕೂ ಕಡಿಮೆ. 1972ರಲ್ಲಿ ಕುರುಂಬಾ ಎಂಬಲ್ಲಿ ಮೊದಲನೆಯ ರೆಸಾರ್ಟು ತೆರೆಯಿತು. ಆಮೇಲೆ ಜನರಿಲ್ಲದ ದ್ವೀಪಗಳನ್ನು ಒಂದೊಂದಾಗಿ ಗುತ್ತಿಗೆ ಕೊಡುವ ಪದ್ಧತಿ ಬೆಳೆಯಿತು. ಪರದೇಶದವರ ಕುಡಿತ, ಉಡುಗೆ, ರೀತಿ ತಮ್ಮ ಊರೊಳಗೆ ಬರದಿರಲಿ, ಹಣ ಮಾತ್ರ ಬರಲಿ ಎಂಬುದು ಅಲ್ಲಿಯವರ ಲೆಕ್ಕ. ಅವರ ಲೆಕ್ಕ ಅವರಿಗೆ ಸರಿ; ನಾನು ಆಕ್ಷೇಪಿಸುವುದಿಲ್ಲ. ನಮ್ಮ ಊರ ಅಗಸೆಯ ಹೊರಗೆ ಒಂದು ಬೇಲಿ ಕಟ್ಟಿ, ನೀವು ಇಲ್ಲಿಯೇ ಇರಿ, ಒಳಗೆ ಬರಬೇಡಿರಿ ಎಂದು ಅತಿಥಿಗೆ ಹೇಳಿದಂತೆ ಅದು. ವಿಚಿತ್ರವೆಂದರೆ ಆ ಅತಿಥಿ ಬೇಲಿಯ ಹೊರಗೆ ಕುಳಿತು, ಇದೇ ಸ್ವರ್ಗ ಎಂದು ಮನೆಗೆ ಚಿತ್ರ ಕಳಿಸುತ್ತಾನೆ!

ಹಾಗಾದರೆ ವೈನಿಯ ಪ್ರಶ್ನೆಗಳಿಗೆ ಉತ್ತರವಿಲ್ಲವೇ? ಇದೆ. ಆ ಮಂದಿ ಬೆಳಿಗ್ಗೆ ‘ಮಾಸ್ ಹುನಿ’ ತಿನ್ನುತ್ತಾರೆ. ಮೀನು, ಕೊಬ್ಬರಿಯ ತುರಿ, ಉಳ್ಳಾಗಡ್ಡಿ ಕಲಸಿ ‘ರೋಶಿ’ಯ ಜೊತೆಗೆ ತಿನ್ನುವುದು. ರೋಶಿ ಎಂದರೆ ನಮ್ಮ ರೊಟ್ಟಿಯ ನಂಟೇ. ಅವರ ಅಕ್ಕಿ ಪೂರಾ ಹೊರಗಿನಿಂದ ಬರುತ್ತದೆ. ಅಲ್ಲಿ ವರದೆಯಿಲ್ಲ, ತುಂಗಭದ್ರೆಯಿಲ್ಲ. ಹೊಳೆ ಎಂಬುದೇ ಇಲ್ಲ. ರಾಜಧಾನಿ ಮಾಲೆಯಲ್ಲಿ ಸಮುದ್ರದ ನೀರಿನ ಉಪ್ಪು ತೆಗೆದು ಕುಡಿಯುತ್ತಾರೆ. 2014ರ ಡಿಸೆಂಬರದಲ್ಲಿ ಆ ಯಂತ್ರಶಾಲೆಗೆ ಬೆಂಕಿ ಬಿದ್ದಾಗ ನಮ್ಮ ದೇಶದವರೇ ವಿಮಾನ, ಹಡಗುಗಳಲ್ಲಿ ಕುಡಿಯುವ ನೀರು ಒಯ್ದು ಕೊಟ್ಟರು. ಬೇಸಿಗೆಯಲ್ಲಿ ಟ್ಯಾಂಕರಿನ ಹಾದಿ ಕಾಯುವ ನಮಗೆ ಈ ಸಂಗತಿ ಅರ್ಥವಾಗಬೇಕಿತ್ತು. ನೆಲದ ಬಹುಭಾಗ ಸಮುದ್ರದ ಮಟ್ಟಕ್ಕಿಂತ ಒಂದು ಮೀಟರು ಸಹ ಎತ್ತರವಿಲ್ಲ. ಸಮುದ್ರ ಏರಿದರೆ ನಾವು ಎಲ್ಲಿಗೆ ಹೋಗಬೇಕೆಂದು ಜಗತ್ತನ್ನು ಕೇಳಲು ಅಲ್ಲಿಯ ಮಂತ್ರಿಮಂಡಳ 2009ರ ಅಕ್ಟೋಬರದಲ್ಲಿ ನೀರಿನ ಕೆಳಗೆ ಸಭೆ ಕೂಡಿತು. ಮಾಲೆಯ ಹತ್ತಿರದ ತಿಲಫುಶಿಯಲ್ಲಿ ಕಸ ಸುರಿದು ಸುರಿದು ಒಂದು ದ್ವೀಪವೇ ಆಗಿದೆ. ರೆಸಾರ್ಟುಗಳ ಕಸವೂ ಅಲ್ಲಿಗೆ ಹೋಗಿದೆ. ಇಂಥ ಒಂದು ನಾಡಿನಲ್ಲಿ ಐದು ದಿನ ಇದ್ದುಬಂದ ನಮ್ಮ ಹುಡುಗನಿಗೆ ತಾಯಿಯ ಒಂದು ಪ್ರಶ್ನೆಗೂ ಉತ್ತರ ಬರಲಿಲ್ಲ. ದೋಷ ಅವನ ಬುದ್ಧಿಯದಲ್ಲ. ಉತ್ತರ ಸಿಗದ ಜಾಗವನ್ನೇ ಆರಿಸಿ ಅವನಿಗೆ ಮಾರಲಾಗಿತ್ತು.

ಆರುನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೂ ಒಬ್ಬ ಪ್ರವಾಸಿ ಅಲ್ಲಿಗೆ ಹೋಗಿದ್ದ. ಇಬ್ನ್ ಬತೂತ ನಮ್ಮ ಹೊನ್ನಾವರದಲ್ಲಿ ಇದ್ದವನು. ಅಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆಗಳಿದ್ದವೆಂದು ಬರೆದಿಟ್ಟವನು. 1343ರ ಸುಮಾರಿಗೆ ಮಾಲ್ಡೀವ್ಸಿಗೆ ಹೋಗಿ ಅಲ್ಲಿ ಖಾಜಿಯಾದ, ಮದುವೆಯಾದ, ಅಲ್ಲಿಯ ಹೆಂಗಸರು ಉಡುವ ರೀತಿ ಸರಿಯಿಲ್ಲವೆಂದು ಜಗಳ ತೆಗೆದ. ಹೆಂಗಸರು ಅವನ ಮಾತು ಕೇಳಲಿಲ್ಲ. ಜಗಳವಾಡಬೇಕಾದರೂ ಎದುರಿಗೆ ಮನುಷ್ಯರಿರಬೇಕಷ್ಟೇ! ಆ ದ್ವೀಪಗಳಿಂದ ಕವಡೆಗಳು ರಾಶಿ ರಾಶಿಯಾಗಿ ಬಂಗಾಳಕ್ಕೆ ಹೋಗುತ್ತಿದ್ದವು, ಬದಲಿಗೆ ಅಕ್ಕಿ ಬರುತ್ತಿತ್ತು. ವೈನಿಯ ಮಾಡದಲ್ಲಿ ಒಂದು ಸಣ್ಣ ಡಬ್ಬಿಯಿದೆ, ಅದರಲ್ಲಿ ಅವರ ತವರುಮನೆಯ ಆರು ಕವಡೆಗಳಿವೆ. ಅವು ಆ ಕಡಲಿನವೇ ಆಗಿದ್ದರೂ ಆಗಿರಬಹುದು. ಮೊಮ್ಮಕ್ಕಳು ಅವುಗಳಿಂದ ಒಮ್ಮೆಯೂ ಆಡಿಲ್ಲ.

ಹಿಂದಿನ ಸೂಟಿಯನ್ನು ಹೊಗಳಿ ಬರೆಯುವುದು ನನ್ನಂಥ ಮುದುಕರಿಗೆ ಸುಲಭ. ಹಾನಗಲ್ಲಿನಿಂದ ಶಿಗ್ಗಾಂವಿಯ ಅತ್ತೆಯ ಮನೆಗೆ, ಅಲ್ಲಿಂದ ಹಿರೇಕೆರೂರಿನ ಮಾವನ ಮನೆಗೆ, ಕೆರೆಯ ಈಜು, ಸವಣೂರಿನ ದೊಡ್ಡ ಹುಣಸೆಯ ಮರಗಳನ್ನು ಅಪ್ಪಲು ಎಷ್ಟು ಜನ ಬೇಕೆಂದು ಎಣಿಸಿದ್ದು. ಹೀಗೆಲ್ಲ ನಾನು ವರ್ಣಿಸುತ್ತಿರುವಾಗ ಸೊಸೆ ಒಳಗಿನಿಂದಲೇ ಒಂದು ಮಾತು ಹೇಳಿದಳು:

“ಕಾಕಾ, ಐದು ದಿನ ನಾ ಒಲಿ ಹಚ್ಚಲಿಲ್ರಿ. ನಿಮ್ಮ ಆ ಸೂಟ್ಯಾಗ ನಿಮ್ಮ ಅತ್ತಿಯವರಿಗೆ ಒಂದ ದಿನಾ ಸೂಟಿ ಇತ್ತೇನ್ರಿ?”

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಇಪ್ಪತ್ತು ಮಂದಿಗೆ ರೊಟ್ಟಿ ಬಡಿಯುತ್ತ ಅತ್ತೆ ಕಳೆದ ಬೇಸಿಗೆಗಳ ಮೇಲೆಯೇ ನಮ್ಮ ಬಾಲ್ಯದ ಸುಖ ನಿಂತಿತ್ತು. ಒಲೆ ಹಚ್ಚದ ಐದು ದಿನ ಹೆಣ್ಣುಮಗಳ ಹಕ್ಕು. ಆದರೆ ಅದನ್ನು ಕೊಡಲು ನಮ್ಮ ಗಂಡಸರಿಗೆ ಹಿಂದೂ ಮಹಾಸಾಗರ ದಾಟಬೇಕಾಯಿತೇ? ಹನ್ನೆರಡು ಕಂತು ಕಟ್ಟಬೇಕಾಯಿತೇ? ಹಾನಗಲ್ಲಿನ ಮನೆಯಲ್ಲಿಯೇ ಐದು ದಿನ ಗಂಡ ಒಲೆಯ ಮುಂದೆ ಕುಳಿತಿದ್ದರೆ ಖರ್ಚು ಕಡಿಮೆಯಾಗುತ್ತಿತ್ತು. ಸೊಸೆ ಹೊರಗೆ ಒಲೆ ಹಚ್ಚದಿದ್ದ ಆ ದಿನಗಳಲ್ಲಿ ಎಪ್ಪತ್ತು ದಾಟಿದ ಅತ್ತೆ ಒಳಗೆ ಎಮ್ಮೆಯ ಸೆಗಣಿ ಬಾಚುತ್ತಿದ್ದರೆಂಬುದನ್ನೂ ಇದೇ ಲೆಕ್ಕದಲ್ಲಿ ಬರೆಯಬೇಕು.

ಮಾಲ್ಡೀವ್ಸಿಗೇ ಹೋಗುವವರು ಹೋಗಲಿ. ಜನ ಬಾಳುವ ದ್ವೀಪಗಳಲ್ಲಿಯೂ ಅತಿಥಿಗೃಹ ನಡೆಸಲು ಅಲ್ಲಿಯವರಿಗೆ 2009ರ ನಂತರ ಅವಕಾಶವಾಗಿದೆ. ಊರೊಳಗಿನ ಮನೆ, ಪಕ್ಕದಲ್ಲಿ ಶಾಲೆ, ಮಸೀದಿ, ಮೀನಿನ ದೋಣಿ. ಅಲ್ಲಿಯೂ ಸಮುದ್ರ ಅಷ್ಟೇ ನೀಲಿ. ಅಲ್ಲಿ ಇಳಿಯಿರಿ, ದಿವೇಹಿಯ ಎರಡು ಮಾತು ಕಲಿಯಿರಿ, ಅವರ ರೋಶಿ ಉಣ್ಣಿರಿ. ಅಷ್ಟು ದುಡ್ಡಿಲ್ಲದವರು ಸಾಲ ಮಾಡಬೇಕಾಗಿಲ್ಲ. ಹಾನಗಲ್ಲಿನಿಂದ ಶಿರಸಿ ದಾಟಿ ದೇವಿಮನೆ ಘಟ್ಟ ಇಳಿದರೆ ಕುಮಟಾ. ಎಲ್ಲ ಕೂಡಿ 110 ಕಿ.ಮೀ. ಸುಮಾರು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ಮಧ್ಯಾಹ್ನಕ್ಕೆ ಮರಳಿನ ಮೇಲೆ ಬಿಚ್ಚಬಹುದು. ಅಲ್ಲಿಯ ಜನರ ಮಾತೂ ನಮಗೆ ತಿಳಿಯುತ್ತದೆ.

ಇದನ್ನೆಲ್ಲ ಬರೆದು ಮುಗಿಸಿ ವೈನಿಗೆ ಓದಿ ತೋರಿಸಿದೆ. ಪೂರಾ ಕೇಳಿದ ಮೇಲೆ ಅವರೆಂದರು: “ಎಲ್ಲಾ ಖರೆ ಐತಿ ಬಿಡ್ರಿ. ಆದ್ರ ನಾ ಸಮುದ್ರಾನ ನೋಡಿಲ್ಲ.”

ಐವತ್ತು ವರ್ಷಗಳಿಂದ ನಾನು ಆ ಮನೆಗೆ ಹೋಗಿಬರುತ್ತಿದ್ದೇನೆ. ಕುಮಟಾ ಆಗಲೂ ಅಲ್ಲಿಯೇ ಇತ್ತು. ಅಣ್ಣನಿದ್ದಾಗ ಅಣ್ಣ ಕರೆದೊಯ್ಯಲಿಲ್ಲ, ನಾನೂ ಕೇಳಲಿಲ್ಲ. ಮಗನನ್ನು ಬೈಯಲು ಪತ್ರಿಕೆಯಲ್ಲಿ ಜಾಗ ಹುಡುಕಿದವನಿಗೆ ಈ ಮಾತನ್ನು ಮುಚ್ಚಿಡುವ ಅಧಿಕಾರವಿಲ್ಲ. ಬರುವ ಸೂಟಿಯಲ್ಲಿ ಎಮ್ಮೆ ಕಾಯಲು ನಾನು ಹಾನಗಲ್ಲಿಗೆ ಹೋಗುತ್ತೇನೆ. ಗಾಡಿಯಲ್ಲಿ ಮುಂದಿನ ಸೀಟು ವೈನಿಯದು.