ಬೆಟ್ಟ ಕರಗಿತು, ಬಾಕಿ ಬೆಳೆಯಿತು

ಚೀನಾದೊಂದಿಗಿನ ಭಾರತದ ವ್ಯಾಪಾರ ಕೊರತೆ 2024–25ರಲ್ಲಿ 9,900 ಕೋಟಿ ಡಾಲರ್ ದಾಟಿತು. ನಾವು ಮಾರಿದ್ದು ಸುಮಾರು 1,425 ಕೋಟಿ ಡಾಲರ್‌ನ ಸರಕು, ಕೊಂಡದ್ದು ಸುಮಾರು 11,345 ಕೋಟಿಯದು. ಇಂಥ ಅಂಕಿಗಳನ್ನು ನಾಡಿನ ಬಹುಪಾಲು ಜನ ಓದಿ ಪುಟ ತಿರುವುತ್ತಾರೆ. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನವರಿಗೆ ಅದು ಸಾಧ್ಯವಿಲ್ಲ. ಈ ಲೆಕ್ಕದ ಜಮಾ ಪುಟದಲ್ಲಿ ಒಂದು ದಶಕ ಕಾಲ ನಮ್ಮಂಥ ಊರುಗಳ ಗುಡ್ಡಗಳ ಕಬ್ಬಿಣದ ಅದಿರೇ ಇತ್ತು. ಆ ದಶಕ ಮುಗಿದು ಇನ್ನೊಂದು ದಶಕಕ್ಕೂ ಹೆಚ್ಚು ಕಾಲವಾಯಿತು. ಬಂದದ್ದೆಷ್ಟು, ಹೋದದ್ದೆಷ್ಟು ಎಂದು ನಿಧಾನವಾಗಿ ಎಣಿಸಿ ನೋಡಲು ಈಗ ಸಾಕಷ್ಟು ದೂರ ಸಿಕ್ಕಿದೆ.

ಕಚ್ಚಾ ಮಾಲು ಕೊಟ್ಟು ಸಿದ್ಧ ಸರಕು ಕೊಳ್ಳುವ ಪದ್ಧತಿಯನ್ನು ನಮಗೆ ಚೀನಾ ಕಲಿಸಿದ್ದಲ್ಲ. ಇಂಗ್ಲಿಷರ ಕಾಲದಲ್ಲಿ ಈ ದೇಶದ ಹತ್ತಿ ಹಡಗೇರಿ ಹೋಗಿ ಮಿಲ್ ಬಟ್ಟೆಯಾಗಿ ಮರಳಿದ್ದು ನಮ್ಮ ಅಜ್ಜಂದಿರ ನೆನಪಿನ ಸಂಗತಿ. ಅದನ್ನು ಕಂಡೇ ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದಲ್ಲಿ ಕೈಗಾರಿಕೆಯ ಹಠ ಹಿಡಿದರು. 1923ರಲ್ಲಿ ಭದ್ರಾವತಿಯ ಕುಲುಮೆ ಹೊತ್ತಿತು, ಕೆಮ್ಮಣ್ಣುಗುಂಡಿಯ ಅದಿರು ಅಲ್ಲಿ ಕಬ್ಬಿಣವಾಯಿತು. ಸ್ವಾತಂತ್ರ್ಯಾನಂತರ ವಿದೇಶಿ ವಿನಿಮಯದ ಬರ ನೀಗಲು ಬಳ್ಳಾರಿ–ಹೊಸಪೇಟೆಯ ಅದಿರನ್ನು ಸರ್ಕಾರಿ ಸಂಸ್ಥೆ ಎಂಎಂಟಿಸಿ ಮದ್ರಾಸ್ ಬಂದರಿನ ಮೂಲಕ ಜಪಾನಿಗೆ ಕಳಿಸಿತು. ಯುದ್ಧದಲ್ಲಿ ನೆಲಕಚ್ಚಿದ್ದ ಜಪಾನ್ ನಮ್ಮಂಥವರ ಅದಿರಿನಿಂದ ಉಕ್ಕು ಮಾಡಿ, ಉಕ್ಕಿನಿಂದ ಯಂತ್ರ ಮಾಡಿ ಜಗತ್ತಿಗೆ ಮಾರಿತು. ಮಾತು ಕೊಡುವುದರಲ್ಲಿ ನಮ್ಮವರೂ ಹಿಂದುಳಿಯಲಿಲ್ಲ. 1971ರಲ್ಲಿ ಇಂದಿರಾ ಗಾಂಧಿಯವರು ತೋರಣಗಲ್ಲಿನಲ್ಲಿ ಸರ್ಕಾರಿ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲಿಟ್ಟರು. ಆ ಸರ್ಕಾರಿ ಕಾರ್ಖಾನೆ ಏಳಲೇ ಇಲ್ಲ. ಎರಡು ದಶಕ ಕಳೆದ ಮೇಲೆ ಖಾಸಗಿ ಬಂಡವಾಳ ಅಲ್ಲಿಗೆ ಬಂತು. ಕುದುರೆಮುಖದ ಗಣಿಯನ್ನೂ ಇರಾನಿಗೆ ಅದಿರು ಕೊಡುವ ಒಪ್ಪಂದದ ಮೇಲೆಯೇ ಕಟ್ಟಲಾಯಿತು. ಅಲ್ಲಿ ಕ್ರಾಂತಿಯಾಯಿತು, ಗಿರಾಕಿ ಕೈಬಿಟ್ಟ. ಒಬ್ಬನೇ ಗಿರಾಕಿಯನ್ನು ನಂಬಿ ಬೆಟ್ಟ ಅಗೆಯುವುದರ ಅಪಾಯ ಆಗಲೇ ಕರ್ನಾಟಕಕ್ಕೆ ತಿಳಿಯಬೇಕಿತ್ತು.

2001ರ ಡಿಸೆಂಬರಿನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆ ಸೇರಿತು. 2008ರ ಬೀಜಿಂಗ್ ಒಲಿಂಪಿಕ್ಸ್‌ಗಾಗಿ, ಅದಕ್ಕಿಂತ ಹೆಚ್ಚಾಗಿ ತನ್ನ ನಗರ, ರೈಲು, ಬಂದರುಗಳಿಗಾಗಿ ಅದು ಉಕ್ಕಿನ ಕುಲುಮೆಗಳನ್ನು ಸಾಲುಸಾಲಾಗಿ ಹೊತ್ತಿಸಿತು. ಇಲ್ಲಿ ಯಾರೂ ಕೇಳದ ಕಡಿಮೆ ದರ್ಜೆಯ ಪುಡಿ ಅದಿರಿಗೂ ಬೆಲೆ ಬಂತು. ಮೇಗಳಹಳ್ಳಿ, ಭೀಮಸಮುದ್ರ, ಹಿರೇಕಂದವಾಡಿಯ ಸುತ್ತಿನ ಗುಡ್ಡಗಳಿಗೆ ಯಂತ್ರಗಳು ಹತ್ತಿದವು. ಬಳ್ಳಾರಿಯ ಕಡೆಯಿಂದ ಬಂದರುಗಳಿಗೆ ಹೋಗುವ ಅದಿರು ಲಾರಿಗಳು ಹಿರಿಯೂರಿನ ಕೂಡುರಸ್ತೆಯಲ್ಲಿ ಹಗಲಿರುಳು ಸಾಲುಗಟ್ಟಿದ್ದನ್ನು ನಾವೆಲ್ಲ ನೋಡಿದ್ದೇವೆ. 2009–10ರಲ್ಲಿ ಭಾರತ ಸುಮಾರು 11.7 ಕೋಟಿ ಟನ್ ಅದಿರು ರಫ್ತು ಮಾಡಿತು. ಅದರ ಬಹುಪಾಲು ಹೋದದ್ದು ಚೀನಾಕ್ಕೆ. ಆ ವರ್ಷಗಳಲ್ಲಿ ಚೀನಾಕ್ಕೆ ನಾವು ಮಾರಿದ ಸರಕಿನಲ್ಲಿ ಅತಿ ದೊಡ್ಡ ಪಾಲು ಕಬ್ಬಿಣದ ಅದಿರಿನದೇ ಆಗಿತ್ತು. 2003–04ರಲ್ಲಿ ಎರಡು ದೇಶಗಳ ನಡುವಿನ ಕೊರತೆ ಬರೀ 110 ಕೋಟಿ ಡಾಲರ್ ಆಸುಪಾಸಿನಲ್ಲಿತ್ತು. ವ್ಯಾಪಾರ ಸರಿಸಮವಾಗುತ್ತಿದೆ ಎಂದು ದೊಡ್ಡವರು ನಂಬಿದರು. ಅದಿರನ್ನು ಬದಿಗಿಟ್ಟು ನೋಡಿದ್ದರೆ ನಂಬಿಕೆಗೆ ಆಧಾರ ಇರಲಿಲ್ಲ.

ಲಾಭವೇ ಇರಲಿಲ್ಲ ಎಂದರೆ ಅನ್ಯಾಯದ ಮಾತಾದೀತು. ಮಳೆ ನಂಬಿ ಬದುಕುವ, ಸೇಂಗಾ–ರಾಗಿ ಕೈಕೊಟ್ಟ ವರ್ಷ ಗುಳೆ ಹೋಗುವ ಈ ಸೀಮೆಯಲ್ಲಿ ಮೈನ್ಸ್ ಕೆಲಸ ತಿಂಗಳು ತಿಂಗಳು ಕೈಗೆ ಕಾಸು ಕೊಟ್ಟಿತು. ಹೊಲ ಮಾರಿಯೋ ಸಾಲ ಮಾಡಿಯೋ ಟಿಪ್ಪರ್ ಕೊಂಡವರು ಲೋಡಿಗೆ ಇಷ್ಟೆಂದು ದುಡಿದರು. ರಸ್ತೆಬದಿಯ ಹೋಟೆಲು, ಪಂಕ್ಚರ್ ಅಂಗಡಿ, ಗ್ಯಾರೇಜುಗಳು ಬಾಳಿದವು. ಎಷ್ಟೋ ಮನೆಗಳಿಗೆ ತಾರಸಿ ಬಂತು, ಮಕ್ಕಳು ದಾವಣಗೆರೆ, ಬೆಂಗಳೂರಿನ ಕಾಲೇಜುಗಳಿಗೆ ಹೋದರು. ಆದರೆ ಗುಡ್ಡದ ಒಡೆತನ ಇರುವ ಸರ್ಕಾರಕ್ಕೆ, ಅಂದರೆ ನಮಗೆಲ್ಲರಿಗೆ, ಸಿಕ್ಕಿದ್ದೇನು? 2009ರ ಆಗಸ್ಟ್‌ವರೆಗೆ ರಾಜಧನ ಅತ್ಯುತ್ತಮ ದರ್ಜೆಯ ಅದಿರಿಗೂ ಟನ್ನಿಗೆ 27 ರೂಪಾಯಿ ಮೀರುತ್ತಿರಲಿಲ್ಲ. ಅದೇ ಟನ್ನು ಚೀನಾದ ಬಂದರಿನಲ್ಲಿ ಸಾವಿರಾರು ರೂಪಾಯಿಗೆ ಕೈ ಬದಲಿಸುತ್ತಿತ್ತು. ಇತ್ತ ಕೆಂಧೂಳು ಅಡಿಕೆಯ ಹಿಂಗಾರದ ಮೇಲೆ, ಕೆರೆಯ ನೀರಿನ ಮೇಲೆ, ಶಾಲೆಯ ಕಿಟಕಿಯ ಮೇಲೆ ಕೂತಿತು. ರಸ್ತೆಗಳು ಗುಂಡಿಯಾದವು, ಅಪಘಾತಗಳು ಹೆಚ್ಚಿದವು, ಮಕ್ಕಳು ಕೆಮ್ಮಿದರು. ಈ ಖರ್ಚನ್ನು ಯಾವ ಸಚಿವಾಲಯವೂ ರಫ್ತಿನ ಲೆಕ್ಕದಲ್ಲಿ ಕಳೆಯಲಿಲ್ಲ.

ಕೊನೆ ಬಂದದ್ದು ಒಂದೇ ಏಟಿಗೆ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. ಧಾರವಾಡದ ಸಮಾಜ ಪರಿವರ್ತನ ಸಮುದಾಯದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2011ರ ಜುಲೈನಲ್ಲಿ ಬಳ್ಳಾರಿಯ, ಆಗಸ್ಟ್ 26ರಂದು ಚಿತ್ರದುರ್ಗ ಮತ್ತು ತುಮಕೂರಿನ ಗಣಿಗಾರಿಕೆಗೆ ತಡೆ ಹಾಕಿತು. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಲೂಟಿಯ ಆಳವನ್ನು ತೆರೆದಿಟ್ಟಿತು, ಮುಖ್ಯಮಂತ್ರಿಯ ಕುರ್ಚಿಯೇ ಹೋಯಿತು. ನ್ಯಾಯಾಲಯ ಮಾಡಿದ್ದು ಸರಿ; ಈ ಮಾತಿನಲ್ಲಿ ನಮಗೆ ಎರಡಿಲ್ಲ. ಆದರೆ ಶಿಕ್ಷೆಯ ಭಾರ ಹಂಚಿಕೆಯಾದ ರೀತಿ ನೆನೆದರೆ ಇಂದಿಗೂ ಸಂಕಟವಾಗುತ್ತದೆ. ದೊಡ್ಡ ದುಡ್ಡು ಮಾಡಿದವರು ವಕೀಲರನ್ನಿಟ್ಟರು. ಕಂತು ಕಟ್ಟಲಾಗದ ಟಿಪ್ಪರ್ ಮಾಲೀಕನ ಗಾಡಿಯನ್ನು ಫೈನಾನ್ಸಿನವರು ಎಳೆದೊಯ್ದರು. 2013ರ ಏಪ್ರಿಲ್‌ನಲ್ಲಿ, ಅಕ್ರಮದ ಪ್ರಮಾಣ ನೋಡಿ ವಿಂಗಡಿಸಿದ ಗಣಿಗಳಲ್ಲಿ ಎ ಮತ್ತು ಬಿ ವರ್ಗದವಕ್ಕೆ ಷರತ್ತಿನ ಅನುಮತಿ ಸಿಕ್ಕಿತು, ಸಿ ವರ್ಗದವು ರದ್ದಾದವು, ರಫ್ತಿಗೆ ಮಾತ್ರ ಬೀಗ ಬಿದ್ದೇ ಇತ್ತು.

ಈ ನಡುವೆ ದೆಹಲಿಯಲ್ಲಿ ಕೈಕುಲುಕಾಟ ನಡೆದೇ ಇತ್ತು. 2010ರ ಡಿಸೆಂಬರಿನಲ್ಲಿ ಪ್ರಧಾನಿ ವೆನ್ ಜಿಯಾಬಾವೊ ಬಂದಾಗ 2015ರ ಹೊತ್ತಿಗೆ 10,000 ಕೋಟಿ ಡಾಲರ್ ವ್ಯಾಪಾರದ ಗುರಿ ಇಟ್ಟು, ಅಸಮತೋಲನ ತಗ್ಗಿಸುವ ಮಾತನ್ನೂ ಸೇರಿಸಲಾಯಿತು. 2014ರ ಸೆಪ್ಟೆಂಬರಿನಲ್ಲಿ ಷಿ ಜಿನ್‌ಪಿಂಗ್ ಬಂದಾಗ ಐದು ವರ್ಷಗಳಲ್ಲಿ 2,000 ಕೋಟಿ ಡಾಲರ್ ಹೂಡಿಕೆಯ ಭರವಸೆ ಸಿಕ್ಕಿತು. ಫಲವನ್ನು ಅಂಕಿಗಳೇ ಹೇಳುತ್ತವೆ. 2010–11ರಲ್ಲಿ ಚೀನಾಕ್ಕೆ ನಮ್ಮ ರಫ್ತು ಸುಮಾರು 1,400 ಕೋಟಿ ಡಾಲರ್. ಹದಿನಾಲ್ಕು ವರ್ಷಗಳ ನಂತರವೂ ಅಷ್ಟೇ. ಆಮದು ಮಾತ್ರ ಸುಮಾರು 4,350 ಕೋಟಿಯಿಂದ 11,345 ಕೋಟಿಗೆ ಏರಿತು. ಅದಿರು ನಿಂತಿದ್ದೇ ಕೊರತೆಗೆ ಕಾರಣ ಎನ್ನುವವರಿದ್ದಾರೆ. ಅದಿರು ಬೇರೆಯದೇ ಕೊರತೆಯನ್ನು, ಅಂದರೆ ನಾವು ಏನನ್ನೂ ತಯಾರಿಸದಿದ್ದ ಕೊರತೆಯನ್ನು ಮುಚ್ಚಿಟ್ಟಿತ್ತು ಎಂಬುದು ನಮ್ಮ ಅನುಭವ. 2011ರ ಬಜೆಟ್ಟಿನಲ್ಲೇ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿದು ಚೀನಾ ರೇಷ್ಮೆಗೆ ಬಾಗಿಲು ಅಗಲವಾಯಿತು. ಹಿರಿಯೂರಿನ ಹಿಪ್ಪುನೇರಳೆ ಬೆಳೆಗಾರನೂ ಮೊಳಕಾಲ್ಮೂರಿನ ಮಗ್ಗದವನೂ ಇರುವ ಜಿಲ್ಲೆಗೆ ಗಣಿ ನಿಂತ ವರ್ಷವೇ ಈ ಹೊಡೆತವೂ ಬಿತ್ತು. 2013ರಲ್ಲಿ ಸುಂಕ ಶೇ 15ಕ್ಕೆ ಏರಿದರೂ ಹಳೆಯ ರಕ್ಷಣೆ ಮರಳಲಿಲ್ಲ.

2022ರ ಮೇ 20ರಂದು ಸುಪ್ರೀಂ ಕೋರ್ಟ್ ರಫ್ತಿಗೆ ಅನುಮತಿ ಕೊಟ್ಟಿತು. ಮರುದಿನವೇ ಕೇಂದ್ರ ರಫ್ತು ಸುಂಕವನ್ನು ಶೇ 50ಕ್ಕೆ ಏರಿಸಿ, ಆ ಏರಿಕೆಯನ್ನು ನವೆಂಬರಿನಲ್ಲಿ ಹಿಂದೆಗೆದುಕೊಂಡಿತು. ಅದೇ ವರ್ಷದ ಆಗಸ್ಟಿನಲ್ಲಿ ಚಿತ್ರದುರ್ಗ–ತುಮಕೂರು ಜಿಲ್ಲೆಗಳ ವಾರ್ಷಿಕ ಮಿತಿ 70 ಲಕ್ಷ ಟನ್ನಿನಿಂದ 1.5 ಕೋಟಿ ಟನ್ನಿಗೆ ಏರಿತು. ಈಗ ನಮ್ಮ ಅದಿರು ಹೆಚ್ಚಾಗಿ ಒಳನಾಡಿನ ಉಕ್ಕು ಕಾರ್ಖಾನೆಗಳಿಗೇ ಹೋಗುತ್ತದೆ. ದೇಶದ ದೃಷ್ಟಿಯಿಂದ ಇದು ಒಂದು ಹೆಜ್ಜೆ ಮುಂದೆ. ಹೊಳಲ್ಕೆರೆಯ ದೃಷ್ಟಿಯಿಂದ ನೋಡಿದರೆ ಗಿರಾಕಿಯ ಊರು ಬದಲಾಗಿದೆ ಅಷ್ಟೇ: ಮಣ್ಣು ಇಲ್ಲಿಂದ ಹೋಗುತ್ತದೆ, ಕಬ್ಬಿಣದ ಸರಳು ಇಲ್ಲಿಗೆ ಬರುತ್ತದೆ, ನಡುವಿನ ಕೂಲಿ, ಕಸುಬು, ಲಾಭ ಎಲ್ಲೋ ಉಳಿಯುತ್ತದೆ. ರಾಷ್ಟ್ರಗಳ ನಡುವೆ ನಾವು ಯಾವುದನ್ನು ಅಸಮತೋಲನ ಎನ್ನುತ್ತೇವೋ ಅದೇ ರಾಜ್ಯದೊಳಗೂ ಇದೆ.

ಹಿರಿಯೂರಿನ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದು, ಮತ್ತೆ ಬೀಳಲು 2022ರವರೆಗೆ ಕಾಯಿಸಿತು, ಆದರೂ ತುಂಬಿತು. ಅಗೆದ ಗುಡ್ಡ ಯಾವ ತಲೆಮಾರಿಗೂ ತುಂಬುವುದಿಲ್ಲ. ಆದ್ದರಿಂದ ಉಳಿದಿರುವ ಪ್ರತಿ ಟನ್ನಿಗೂ ಬದಲಾಗಿ ಶಾಶ್ವತವಾದದ್ದೊಂದು ಈ ನೆಲದಲ್ಲಿ ನಿಲ್ಲಬೇಕು. ಅದಕ್ಕೆ ಹಣವಿಲ್ಲ ಎಂದು ಈಗ ಯಾರೂ ಹೇಳುವಂತಿಲ್ಲ. 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನವಿದೆ. ಗಣಿ ಬಾಧಿತ ಪ್ರದೇಶಗಳ ಪುನಶ್ಚೇತನಕ್ಕೆ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಗೆ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟಿದೆ. ಆ ಹಣ ಸಮುದಾಯ ಭವನ, ಕಮಾನು, ಕಾಂಪೌಂಡುಗಳಲ್ಲಿ ಕರಗಬಾರದು. ಅದಿರಿನ ಗುಣಮಟ್ಟ ಏರಿಸುವ, ಉಂಡೆ ಕಟ್ಟುವ, ಎರಕ ಹೊಯ್ಯುವ ಘಟಕಗಳು ಗಣಿ ತಾಲ್ಲೂಕುಗಳಲ್ಲೇ ಬರಲಿ, ಅವುಗಳಲ್ಲಿ ದುಡಿಯುವ ಕೈಗಳನ್ನು ಇಲ್ಲಿನ ಐಟಿಐಗಳು ತಯಾರು ಮಾಡಲಿ. ತೋಟ, ಕೆರೆ, ರೇಷ್ಮೆ, ತೆಂಗಿಗೆ ಮೊದಲ ಪಾಲು ಸಿಗಲಿ. ಯಾವ ಕೆಲಸಕ್ಕೆ ಎಷ್ಟು ಹೋಯಿತು ಎಂಬ ಪಟ್ಟಿ ಪ್ರತಿ ಗ್ರಾಮಸಭೆಯ ಮುಂದೆ ಬರಲಿ. ಮಣ್ಣು ಮಾರಿ ತಂದ ಸಮತೋಲನ ಎಷ್ಟು ದಿನ ಬಾಳುತ್ತದೆಂದು ಈ ನಾಲ್ಕು ತಾಲ್ಲೂಕುಗಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಮುಂದಿನ ಒಪ್ಪಂದ ದೆಹಲಿಯಲ್ಲೇ ಆಗಲಿ, ಬೆಂಗಳೂರಿನಲ್ಲೇ ಆಗಲಿ, ಅದನ್ನು ಬರೆಯುವವರು ಮೊದಲು ಇಲ್ಲಿನವರನ್ನು ಕೇಳಬೇಕು.