ಕ್ಯಾಲ್ಹೌನ್ ಹೋದ, ಇಲೈಹು ಯೇಲ್ ಉಳಿದ

ಅಮೆರಿಕದ ಯೇಲ್ ವಿಶ್ವವಿದ್ಯಾಲಯ 2017ರ ಫೆಬ್ರುವರಿಯಲ್ಲಿ ಕ್ಯಾಲ್ಹೌನ್ ಕಾಲೇಜಿನ ಹೆಸರು ಕಿತ್ತುಹಾಕಿ, ಗಣಕಲೋಕದ ಹಿರಿಯಳು ಗ್ರೇಸ್ ಹಾಪರ್ ಹೆಸರಿಡಲು ತೀರ್ಮಾನಿಸಿದ್ದು ಸರಿ. ಆದರೆ ಆ ತೀರ್ಮಾನ ಬಂದ ದಾರಿ ಸಂಸ್ಥೆಗೆ ಶೋಭೆ ತರುವಂಥದ್ದಲ್ಲ.

ಜಾನ್ ಸಿ. ಕ್ಯಾಲ್ಹೌನ್ ಯೇಲ್‌ನಲ್ಲಿ ಓದಿ ದೇಶದ ಉಪಾಧ್ಯಕ್ಷನಾದವನು. ಗುಲಾಮಗಿರಿ ಅನಿವಾರ್ಯ ಅನಿಷ್ಟ ಎಂದು ನುಣುಚಿಕೊಂಡವನಲ್ಲ, ಅದು ಒಳ್ಳೆಯದೇ ಎಂದು 1837ರಲ್ಲಿ ಸೆನೆಟ್‌ನಲ್ಲಿ ನಿಂತು ವಾದಿಸಿದವನು. ಅವನು ಸತ್ತು ಎಂಬತ್ತು ವರ್ಷವಾದ ಮೇಲೆ, 1930ರ ದಶಕದಲ್ಲಿ, ಯಾರ ಒತ್ತಾಯವೂ ಇಲ್ಲದೆ ಯೇಲ್ ಆ ಹೆಸರನ್ನು ಹುಡುಕಿ ತಂದು ವಸತಿ ಕಾಲೇಜಿಗೆ ಇಟ್ಟಿತು. ಊಟದ ಮನೆಯ ಬಣ್ಣದ ಗಾಜಿನಲ್ಲಿ ಹತ್ತಿ ಹೊತ್ತ ಗುಲಾಮರ ಚಿತ್ರ. ಕಪ್ಪು ವಿದ್ಯಾರ್ಥಿಗಳು ಅದನ್ನು ನೋಡುತ್ತಲೇ ಉಣ್ಣಬೇಕಿತ್ತು.

2016ರ ಏಪ್ರಿಲ್‌ನಲ್ಲಿ ಯೇಲ್‌ನ ಆಗಿನ ಅಧ್ಯಕ್ಷ ಪೀಟರ್ ಸಲೋವೆ ಹೆಸರು ಉಳಿಯುತ್ತದೆ ಎಂದರು. ಇತಿಹಾಸವನ್ನು ಮರೆಮಾಚಬಾರದಂತೆ! ಜೂನ್‌ನಲ್ಲಿ ಊಟದ ಮನೆಯ ಕಪ್ಪು ನೌಕರರೊಬ್ಬರು ಪೊರಕೆಯ ಕೋಲಿನಿಂದ ಆ ಗಾಜು ಒಡೆದರು. ಪೊಲೀಸರು ಹಿಡಿದರು, ಕೆಲಸ ಹೋಯಿತು, ಗದ್ದಲವೆದ್ದ ಮೇಲೆ ಮರಳಿ ಸಿಕ್ಕಿತು. ಆಗಸ್ಟ್‌ನಲ್ಲಿ ಸಮಿತಿ ಬಂತು. ವರ್ಷಗಟ್ಟಲೆ ಬಂದ ಮನವಿಗಳಿಗೆ ಅಲುಗದವರನ್ನು ಕೊನೆಗೆ ಅಲುಗಿಸಿದ್ದು ಯಾವುದು ಎಂದು ಬೇರೆ ಹೇಳಬೇಕೆ?

ಕಾನೂನು ಪ್ರಾಧ್ಯಾಪಕ ಜಾನ್ ವಿಟ್ ನೇತೃತ್ವದ ಆ ಸಮಿತಿ ಮಾತ್ರ ತೂಕದ ಕೆಲಸ ಮಾಡಿತು. ಹೆಸರು ಬದಲಾವಣೆ ಅಪರೂಪವಾಗಿರಬೇಕು ಎಂದಿತು. ಆ ವ್ಯಕ್ತಿ ಮುಖ್ಯವಾಗಿ ಬಿಟ್ಟುಹೋಗಿದ್ದೇನು, ಅದನ್ನು ಅವನ ಕಾಲದವರೇ ವಿರೋಧಿಸಿದ್ದರೇ, ಸಂಸ್ಥೆ ಯಾವ ಕಾರಣಕ್ಕೆ ಗೌರವಿಸಿತು ಎಂದು ಕೇಳಿತು. ಅಂದಿನವರನ್ನು ಇಂದಿನ ಕಣ್ಣಿನಿಂದ ನೋಡಬೇಡಿ ಎನ್ನುವವರ ಬಾಯಿ ಎರಡನೆಯ ಪ್ರಶ್ನೆಗೇ ಕಟ್ಟಬೇಕು: 1850ರಲ್ಲಿ ಕ್ಯಾಲ್ಹೌನ್ ಸತ್ತಾಗ ಯೇಲ್‌ನದೇ ಪ್ರಾಧ್ಯಾಪಕ ಬೆಂಜಮಿನ್ ಸಿಲಿಮನ್ ಅವನ ನಿಲುವನ್ನು ಖಂಡಿಸಿದ್ದರು. ಎಡಿನ್‌ಬರೊ ವಿಶ್ವವಿದ್ಯಾಲಯ 2020ರಲ್ಲಿ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ಹೆಸರಿನ ಟವರ್‌ನಿಂದ ಆ ಹೆಸರು ತೆಗೆದದ್ದು ಈ ಪ್ರಶ್ನೆಗಳ ಮುಂದೆ ನಿಲ್ಲುವುದಿಲ್ಲ. ಹ್ಯೂಮ್ ಬರೆದ ಜನಾಂಗೀಯ ಅಡಿಟಿಪ್ಪಣಿ ನಾಚಿಕೆಗೇಡು, ನಿಜ. ಅವನು ಬಿಟ್ಟುಹೋಗಿದ್ದು ಅದನ್ನಲ್ಲ.

ಹಾಗಾದರೆ ಇಲೈಹು ಯೇಲ್? 1687ರಿಂದ 1692ರವರೆಗೆ ಮದರಾಸಿನ ಕೋಟೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಆಗಿದ್ದವನು. ಸ್ವಂತ ವ್ಯಾಪಾರದ ಆರೋಪ ಹೊತ್ತು ಕೆಲಸ ಕಳೆದುಕೊಂಡವನು. 1718ರಲ್ಲಿ ಅವನು ಕಳಿಸಿದ ಒಂಬತ್ತು ಮೂಟೆ ಸರಕು, 417 ಪುಸ್ತಕ, ದೊರೆಯ ಒಂದು ಭಾವಚಿತ್ರ ಇಷ್ಟಕ್ಕೇ ಕಾಲೇಜು ಅವನ ಹೆಸರಿಟ್ಟುಕೊಂಡಿತು. ಅವನ ಕಾಲದ ಕೋಟೆಯ ನಡಾವಳಿಗಳಲ್ಲಿ ಗುಲಾಮರನ್ನು ಹಡಗೇರಿಸುವ ಆದೇಶಗಳಿವೆ, ಆ ವ್ಯಾಪಾರವನ್ನು ನಿಷೇಧಿಸಿದ ಆದೇಶವೂ ಇದೆ. ವಿಚಾರಣೆ ಬೇಕಿರುವುದು ಇಂಥ ಕಡೆಯೇ. ಗುಲಾಮಗಿರಿಯ ನಂಟಿಗೆ 2024ರಲ್ಲಿ ಕ್ಷಮೆ ಕೇಳಿದ ಯೇಲ್, ಕ್ಯಾಲ್ಹೌನ್‌ಗೆ ಹಾಕಿದ ಪ್ರಶ್ನೆಗಳನ್ನೇ ತನ್ನ ಹೆಸರಿಗೂ ಹಾಕಿಕೊಂಡು, ಉತ್ತರವನ್ನು ಕಾರಣಸಮೇತ ಬಹಿರಂಗವಾಗಿ ಬರೆಯಬೇಕು. ಉತ್ತರ ಹೆಸರಿನ ಪರವಾಗಿಯೇ ಬರಬಹುದು, ಬರಲಿ. ದಾಖಲೆ ಸಿಗುವುದಿಲ್ಲ ಎನ್ನುವಂತಿಲ್ಲ: ಆ ನಡಾವಳಿಗಳು ಮದರಾಸಿನಲ್ಲೇ ಅಚ್ಚಾಗಿ ಎಷ್ಟೋ ಕಾಲವಾಯಿತು.